ಆಸ್ಪತ್ರೆ ವೈರಾಗ್ಯ ಎಷ್ಟು ದಿನ?

ವೈರಾಗ್ಯದಲ್ಲಿ ಮೂರು ಬಗೆಯುಂಟೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪುರಾಣ ಪ್ರವಚನ ಕೇಳಿ ಎದ್ದು ಹೊರಟವನ ಮನಸ್ಸಿನಲ್ಲಿ ಮೂಡುವುದು ಪುರಾಣ ವೈರಾಗ್ಯ. ಹೆರಿಗೆಯ ನೋವಿನಲ್ಲಿ ತಾಯಿಗೆ ಬರುವುದು ಪ್ರಸವ ವೈರಾಗ್ಯ. ಬಂಧುವನ್ನು ಮಣ್ಣು ಮಾಡಿ ಹಿಂದಿರುಗುವವನಿಗೆ ಬರುವುದು ಸ್ಮಶಾನ ವೈರಾಗ್ಯ. ಮೂರಕ್ಕೂ ಆಯುಷ್ಯ ಕಡಿಮೆ. ಚಪ್ಪಲಿ ಮೆಟ್ಟಿ ಮನೆ ಸೇರುವಷ್ಟರಲ್ಲಿ ಪುರಾಣ ಮರೆತುಹೋಗುತ್ತದೆ. ಮಗುವಿನ ಮುಖ ಕಂಡೊಡನೆ ನೋವು ಮರೆಯುತ್ತದೆ. ಸ್ನಾನ ಮಾಡಿ ಉಂಡ ಮೇಲೆ ಸ್ಮಶಾನ ದೂರವಾಗುತ್ತದೆ. ಈ ಮೂರರ ಜೊತೆಗೆ ನಮ್ಮ ಕಾಲದಲ್ಲಿ ನಾಲ್ಕನೆಯದೊಂದು ಸೇರಿಕೊಂಡಿದೆ. ಅದಕ್ಕೆ ನಾವು ಆಸ್ಪತ್ರೆ ವೈರಾಗ್ಯ ಎಂದು ಹೆಸರಿಟ್ಟಿದ್ದೇವೆ.

ವೈದ್ಯರು ರಿಪೋರ್ಟು ನೋಡಿ, ಒಂದು ಗಳಿಗೆ ಸುಮ್ಮನಿದ್ದು, 'ಇನ್ನು ಮೇಲೆ ಹೀಗಾದರೆ ಕಷ್ಟ' ಎಂದೊಡನೆ ಎಂಥವನಿಗೂ ಎದೆ ಝಲ್ಲೆನ್ನುತ್ತದೆ. ಅಂದು ಸಂಜೆಯೇ ಬೀಡಿಯ ಕಟ್ಟು ಚರಂಡಿಗೆ ಬೀಳುತ್ತದೆ. ಮಾರನೆಯ ದಿನ ಬೆಳಗಿನ ಐದಕ್ಕೆ ವಾಕಿಂಗ್ ಶುರುವಾಗುತ್ತದೆ. ಮನೆಯಲ್ಲಿ ಸಕ್ಕರೆ ಡಬ್ಬಿ ಅಟ್ಟ ಸೇರುತ್ತದೆ. ಹದಿನೈದು ದಿನ ಎಲ್ಲವೂ ಕ್ರಮವಾಗಿ ನಡೆಯುತ್ತದೆ. ತಿಂಗಳ ಹೊತ್ತಿಗೆ ಯಾರದೋ ಮನೆಯ ಮದುವೆ ಬರುತ್ತದೆ, ಊರಿನ ಜಾತ್ರೆ ಬರುತ್ತದೆ. 'ಒಂದು ದಿನಕ್ಕೆ ಏನಾಗಿಬಿಡುತ್ತದೆ' ಎಂಬ ಮಾತು ಬರುತ್ತದೆ. ಆ ಒಂದು ದಿನ ಮತ್ತೆ ಮುಗಿಯುವುದೇ ಇಲ್ಲ.

2025ರ ಜೂನ್ ತಿಂಗಳಲ್ಲಿ, ಕಡೂರಿಗೆ ಅಂಟಿಕೊಂಡೇ ಇರುವ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ಸಂಭವಿಸುತ್ತಿವೆ ಎಂಬ ಸುದ್ದಿ ನಾಡನ್ನೆಲ್ಲ ಕಂಗೆಡಿಸಿತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಎದೆ ಪರೀಕ್ಷೆಗಾಗಿ ಜನ ಸಾಲುಗಟ್ಟಿ ನಿಂತರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೃದಯ ತಪಾಸಣೆಗೆ ಇಂಥದೇ ನೂಕುನುಗ್ಗಲಾಗಿತ್ತು. ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ ತಜ್ಞರ ಸಮಿತಿಯು, ಅಲ್ಲಿ ಸಾವುಗಳು ಅಸಹಜವಾಗಿ ಏರಿಲ್ಲವೆಂದಿತು. ಅದು ಬೆರಳು ತೋರಿಸಿದ್ದು ಹಳೆಯ ಪರಿಚಿತ ಶತ್ರುಗಳ ಕಡೆಗೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನ. ಸಾಲಿನಲ್ಲಿ ನಿಂತವರನ್ನು ನಾವು ಆಕ್ಷೇಪಿಸುವುದಿಲ್ಲ. ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ಸಾಲು ಕರಗಿದ ಮೇಲೆ, ಚೀಟಿ ಕೈಗೆ ಬಂದ ಮೇಲೆ, ಮನೆಯಲ್ಲಿ ಏನು ಬದಲಾಯಿತು ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪರರಿಗೆ ಕೇಳುವ ಮೊದಲು ನಮ್ಮ ಕಥೆಯನ್ನೇ ಹೇಳಬೇಕು. ಎರಡು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ಭಕ್ತರೊಬ್ಬರ ಮನೆಯಲ್ಲಿ ಪಾದಪೂಜೆ ನಡೆದಿತ್ತು. ಚಳಿಯೆಂದು ಆ ತಾಯಿ ನೀರನ್ನು ಕಾಯಿಸಿ ತಂದಿದ್ದರು. ಪಾದಕ್ಕೆ ನೀರೆರೆದ ಮಗ ಗಾಬರಿಯಿಂದ ಕೈ ಹಿಂದೆಗೆದು, 'ಬುದ್ಧಿ, ಸುಡ್ತಾ ಇದೆ, ಕಾಲು ತೆಗೀರಿ' ಎಂದನು. ನಮಗೆ ಸುಡುತ್ತಿರುವುದು ತಿಳಿದೇ ಇರಲಿಲ್ಲ. ಭಕ್ತರು ಕಣ್ಣಿಗೊತ್ತಿಕೊಳ್ಳುವ ಪಾದಕ್ಕೆ ಬಿಸಿ ತಣ್ಣಗೆಂಬ ಭೇದವೇ ಹೋಗಿತ್ತು. ಮರುದಿನ ವೈದ್ಯರ ಬಳಿ ಹೋದೆವು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ ಆರೂವರೆ ದಾಟಿದರೆ ಸಕ್ಕರೆ ಕಾಯಿಲೆಯೆಂದೇ ಲೆಕ್ಕ. ನಮ್ಮದು ಎಂಟನ್ನು ಮೀರಿತ್ತು. ಪಾದದ ನರಗಳು ಜಡವಾಗಲು ಅದೇ ಕಾರಣವೆಂದು ವೈದ್ಯರು ಹೇಳಿದರು. ಎಷ್ಟು ವರ್ಷದಿಂದ ಆ ಕಾಯಿಲೆ ಸದ್ದಿಲ್ಲದೆ ಒಳಗೆ ಕುಳಿತಿತ್ತೋ ಶಿವನೇ ಬಲ್ಲ.

ಅಂದು ನಮಗೂ ಆಸ್ಪತ್ರೆ ವೈರಾಗ್ಯ ಬಂದಿತು. ಆದರೆ ನಾವು ಮಾಡಿದ ತಪ್ಪು ಬೇರೆಯದು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಗುಳಿಗೆಗಳನ್ನು ಬಟ್ಟೆಗಂಟಿನಲ್ಲಿ ಬಚ್ಚಿಟ್ಟುಕೊಂಡೆವು. ಸ್ವಾಮಿಗಳಿಗೇ ಕಾಯಿಲೆಯೆಂದರೆ ಭಕ್ತರು ಏನೆಂದುಕೊಂಡಾರು ಎಂಬ ಸಂಕೋಚ. ಸಂಕೋಚವೆಂದು ಈಗ ಮೆದುವಾಗಿ ಹೇಳುತ್ತಿದ್ದೇವೆ. ನಿಜವಾಗಿ ಅದು ಅಹಂಕಾರ. ಬೆಳಿಗ್ಗೆ ಗುಳಿಗೆ ನುಂಗುವುದು, ಮಧ್ಯಾಹ್ನ ಬಿನ್ನಹದ ಮನೆಯಲ್ಲಿ ತುಪ್ಪ ಸುರಿದ ಹೋಳಿಗೆ ಸ್ವೀಕರಿಸುವುದು, ಹೀಗೆ ನಡೆಯಿತು.

ಕಡೂರಿನ ಕಡೆಯ ಒಂದು ಹಳ್ಳಿಯಲ್ಲಿ, ಎಂಬತ್ತರ ಅಂಚಿನ ಅವ್ವನೊಬ್ಬಳು ಮೂರನೆಯ ಹೋಳಿಗೆ ಹಿಡಿದು ಬಂದಳು. 'ಬ್ಯಾಡ ಅನ್ಬ್ಯಾಡಿ ಬುದ್ಧಿ, ಬೆಳಿಗ್ಗೆಯಿಂದ ನಾನೇ ಕೂತು ತಟ್ಟೀನಿ' ಎಂದಳು. ಅಂದು ಏಕೋ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. 'ಅವ್ವ, ನಮಗೆ ಸಕ್ಕರೆ ಕಾಯಿಲೆ ಇದೆ' ಎಂದೆವು. ಆಕೆ ಬಾಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡು, 'ಮೊದ್ಲೇ ಹೇಳ್ಬಾರ್ದಿತ್ತಾ? ನನ್ ಕೈಯಾರೆ ನಿಮಗೆ ವಿಷ ಬಡಿಸ್ದಂಗಾಯ್ತಲ್ಲ' ಎಂದಳು. ಒಳಗೆ ಹೋಗಿ ಸೊಪ್ಪಿನ ಪಲ್ಯ, ಮಜ್ಜಿಗೆ ತಂದಳು. ನಮ್ಮ ಮೌನ ನಮ್ಮೊಬ್ಬರಿಗೆ ಮಾತ್ರ ಕೇಡು ಮಾಡುತ್ತಿದೆ ಎಂದುಕೊಂಡಿದ್ದೆವು. ಪ್ರೀತಿಯಿಂದ ಬಡಿಸುವ ಕೈಗಳನ್ನೂ ಅದು ಪಾಪಕ್ಕೆ ದೂಡುತ್ತಿತ್ತು ಎಂಬುದು ಅಂದು ತಿಳಿಯಿತು.

ಅಂದಿನಿಂದ ಪ್ರಸಾದದ ವಿಚಾರವನ್ನು ಹೊಸದಾಗಿ ಚಿಂತಿಸಿದೆವು. ಲಿಂಗಕ್ಕೆ ಅರ್ಪಿತವಾದುದು ಪ್ರಸಾದ. ಅದರಲ್ಲಿ ಒಂದಗುಳನ್ನೂ ಬಿಡಬಾರದು. ತಟ್ಟೆ ತೊಳೆದ ನೀರನ್ನೂ ಕುಡಿಯುವ ಪದ್ಧತಿ ನಮ್ಮ ಹಿರಿಯರದು. ಹಾಗಾದರೆ ಕಾಯಿಲೆಯವನು ಏನು ಮಾಡಬೇಕು? ಉತ್ತರ ಆ ಪದ್ಧತಿಯಲ್ಲಿಯೇ ಇದೆ. ಅರ್ಪಣೆಯಾದ ಮೇಲೆ ಬಿಡುವಂತಿಲ್ಲವಾದ್ದರಿಂದ, ಅಳತೆಯನ್ನು ಅರ್ಪಣೆಗೆ ಮೊದಲೇ ನಿರ್ಧರಿಸಬೇಕು. ಅರ್ಪಿಸುವವರೆಗೆ ಅದು ಪದಾರ್ಥ. ಬೇಕೆನ್ನುವ, ಸಾಕೆನ್ನುವ ಅಧಿಕಾರ ನಿನ್ನದು. ಅರ್ಪಿಸಿದ ಮೇಲೆ ಅದು ಪ್ರಸಾದ. ಅಲ್ಲಿ ನಿನ್ನ ಅಧಿಕಾರ ಮುಗಿಯಿತು. ಷಟ್‌ಸ್ಥಲ ಸಿದ್ಧಾಂತದಲ್ಲಿ ಒಂದೊಂದು ಸ್ಥಲಕ್ಕೂ ಒಂದೊಂದು ಬಗೆಯ ಭಕ್ತಿಯನ್ನು ಹೇಳಿದೆ. ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ. ಪ್ರಸಾದಿಯಾಗುವವನಿಗೆ ಹೇಳಿದ ಗುಣ ಅವಧಾನ, ಅಂದರೆ ಎಚ್ಚರ. ಎಷ್ಟು ಬೇಕಾದರೂ ಉಣ್ಣುವ ಧಾರಾಳವನ್ನು ಅಲ್ಲಿ ಹೇಳಿಲ್ಲ. ಕೈ ತುತ್ತಿಗೆ ಹೋಗುವ ಮುನ್ನ ಮನಸ್ಸು ಅಲ್ಲಿರಬೇಕು. ಭಯ ಹದಿನೈದು ದಿನ ಕಾಯುತ್ತದೆ; ಅವಧಾನ ಜೀವನಪೂರ್ತಿ ಕಾಯುತ್ತದೆ. ಇಂದಿನ ನಮ್ಮ ಮಾತಿನ ಸಾರ ಇಷ್ಟೇ.

ಅವಧಾನದಿಂದ ಫಲವುಂಟೆ ಎಂದು ಕೇಳುವವರಿಗೆ ವಿಜ್ಞಾನವೂ ಉತ್ತರ ಕೊಟ್ಟಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪುಗಳಾಗಿ ಮಾಡಿ ಅಭ್ಯಸಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂದಿತು. ಊಟ ಹಾಗೂ ನಡಿಗೆಯ ಕ್ರಮವನ್ನು ಬಿಡದೆ ಪಾಲಿಸಿದವರಲ್ಲಿ ಆ ಸಂಖ್ಯೆ ಸುಮಾರು 39ಕ್ಕೆ ಇಳಿಯಿತು. ಇನ್ನೊಂದು ಗುಂಪಿಗೆ ಆ ಕ್ರಮದ ಜೊತೆಗೆ ಗುಳಿಗೆಯನ್ನೂ ಕೊಟ್ಟು ನೋಡಿದರು. ಅದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹೊಸ್ತಿಲಲ್ಲಿ ನಿಂತವನಿಗೆ ಊಟದ ಕ್ರಮವೇ ಔಷಧಿ ಎಂದಾಯಿತು. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದೂ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಹೊಸ್ತಿಲಲ್ಲಿ ನಿಂತವರೇ ಹೆಚ್ಚು. ಹಿಂದಕ್ಕೆ ಹೆಜ್ಜೆಯಿಡುವ ಅವಕಾಶ ಇವರಿಗಿದೆ.

ನಮ್ಮ ಸೀಮೆಯಲ್ಲಿ ಬೇರೂರಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಹೇಳಲೇಬೇಕು. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿದರೆ ದೋಷವಿಲ್ಲವೆಂದು ಅನೇಕರು ನಂಬಿದ್ದಾರೆ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ. ಅನ್ನ ಬಿಟ್ಟು ಮುದ್ದೆ ಉಂಡರೆ ಸಾಕೆಂದು ಇನ್ನು ಕೆಲವರು ಹೇಳುತ್ತಾರೆ. ರಾಗಿ ಒಳ್ಳೆಯ ಧಾನ್ಯ, ನಾರಿನಂಶವುಳ್ಳದ್ದು. ಆದರೆ ಹೊಲದಲ್ಲಿ ದಿನವಿಡೀ ಗುದ್ದಲಿ ಹಿಡಿದ ತಾತ ಉಂಡ ಎರಡು ಮುದ್ದೆಯನ್ನು, ಡೈರಿಗೆ ಹಾಲು ಹಾಕಲೂ ಬೈಕ್ ಏರುವ ಮೊಮ್ಮಗ ಉಂಡರೆ ಅರಗುವುದೆಂತು? ಪರೀಕ್ಷೆಗೆ ಎರಡು ದಿನ ಮುಂಚೆ ಉಪವಾಸವಿದ್ದು ಬೆಳಗಿನ ಸಕ್ಕರೆಯನ್ನು ಇಳಿಸಿ ತೋರಿಸುವ ಜಾಣರೂ ಇದ್ದಾರೆ. ಮೂರು ತಿಂಗಳ ಸರಾಸರಿಯ ಪರೀಕ್ಷೆಯ ಮುಂದೆ ಆ ಜಾಣತನ ನಡೆಯದು. ಅದು ಚಿತ್ರಗುಪ್ತನ ಕಡತದಂತೆ ಹಿಂದಿನದನ್ನೆಲ್ಲ ಬರೆದಿಟ್ಟುಕೊಂಡಿರುತ್ತದೆ. ಇನ್ನು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಯ ಒಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಖಾರ ತಿನಿಸು ಎಲ್ಲವೂ ಆ ಒಂದು ಚಮಚೆಯ ಲೆಕ್ಕದೊಳಗೇ ಬರಬೇಕು.

ತರೀಕೆರೆ ಸೀಮೆಯ ಭಕ್ತರಿಗೆ ಒಂದು ಕಹಿ ಮಾತನ್ನು ಹೇಳುವುದಿದೆ. ಅಲ್ಲಿಯ ಅಡಿಕೆ ಬೆಳೆಗಾರರೊಬ್ಬರು ಮಠಕ್ಕೆ ಬಂದಾಗ, ಬಾಳೆಹಣ್ಣನ್ನು ಕಚ್ಚಲಾಗದೆ ಕೈಯಲ್ಲಿ ಮುರಿದು ಬಾಯಿಗಿಡುತ್ತಿದ್ದುದನ್ನು ಕಂಡೆವು. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಒಳಗೆ ಬಿಳಿಚಿಕೊಂಡ ಪಟ್ಟಿಗಳು. ಇದು ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿಯೆಂದು ವೈದ್ಯರು ಎಚ್ಚರಿಸಿದ್ದರು. 'ಹೊಗೆಸೊಪ್ಪು ನಾನು ಮುಟ್ಟಿದೋನಲ್ಲ ಬುದ್ಧಿ, ಬರೀ ಅಡಿಕೆ, ಅದೂ ನಮ್ಮ ತೋಟದ್ದೇ' ಎಂದರು. ಹೊಗೆಸೊಪ್ಪು, ಕಡ್ಡಿಪುಡಿ ಕೆಟ್ಟವೆಂದು ಎಲ್ಲರೂ ಬಲ್ಲರು. ಆದರೆ ಹೊಗೆಸೊಪ್ಪು ಸೇರದ ಬರಿಯ ಅಡಿಕೆಯನ್ನು ಅಗಿಯುವ ಅಭ್ಯಾಸವೂ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿದೆ. ಬಾಯಿ ಹೀಗೆ ಬಿಗಿಯಲು ಅಡಿಕೆಯೇ ಮುಖ್ಯ ಕಾರಣ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ, ಪಾನ್ ಮಸಾಲವನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದನ್ನು ಎಲ್ಲ ಬಸ್‌ಸ್ಟ್ಯಾಂಡಿನಲ್ಲೂ ನೋಡುತ್ತೇವೆ.

ಅಡಿಕೆ ನಮ್ಮ ಜನರ ಅನ್ನ. ಅದರ ದುಡ್ಡಿನಿಂದ ಮಕ್ಕಳು ಓದಿದ್ದಾರೆ, ಹೆಣ್ಣುಮಕ್ಕಳ ಮದುವೆಗಳಾಗಿವೆ. ಮಠಕ್ಕೂ ಅದರಿಂದಲೇ ಕಾಣಿಕೆ ಬಂದಿದೆ. ಹಾಗಿರುವಾಗ ಈ ಮಾತು ಹೇಳುವುದು ನಮಗೂ ಸುಲಭವಲ್ಲ. ಆದರೆ ಗುರುವಾದವನು ಕಾಣಿಕೆಗೆ ಅಂಜಿ ಸತ್ಯವನ್ನು ನುಂಗಬಾರದು. ತಾಂಬೂಲ ಪೂಜೆಯಲ್ಲಿರಲಿ, ಮಂಗಳಕಾರ್ಯದ ತಟ್ಟೆಯಲ್ಲಿರಲಿ. ದವಡೆಯಲ್ಲಿ ದಿನವಿಡೀ ಇರುವುದು ಬೇಡ. ಬಾಯಲ್ಲಿ ಉರಿ, ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡವರು ಅಂದೇ ಅಗಿಯುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಅಭ್ಯಾಸ ಬಿಡಿಸುವ ಕಾರ್ಯದಲ್ಲಿ ನಮಗೆಲ್ಲ ಮೇಲ್ಪಂಕ್ತಿ ಹಾಕಿಕೊಟ್ಟವರು ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟರು. ಜಂಗಮರ ಜೋಳಿಗೆ ಬಂದರೆ ಜನ ದವಸ ಹಾಕಲು ಮೊರ ತರುತ್ತಾರೆ. ಅವರು ದವಸವನ್ನೂ ಹಣವನ್ನೂ ಬೇಡಲಿಲ್ಲ. 'ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿ' ಎಂದು ಬೇಡಿದರು. ಊರೂರು ತಿರುಗಿದರು, ಓಣಿ ಓಣಿ ಹೊಕ್ಕರು, ಹೆಂಡ ಬೀಡಿಗಳಲ್ಲಿ ಕರಗುತ್ತಿದ್ದ ಅಸಂಖ್ಯಾತ ಸಂಸಾರಗಳನ್ನು ಎತ್ತಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಆ ಜೋಳಿಗೆಯ ಮರ್ಮವೇನು? ಭಯದಿಂದ ಬಿಟ್ಟದ್ದು ಭಯ ಹೋದೊಡನೆ ತಿರುಗಿ ಬರುತ್ತದೆ. ದಾನವಾಗಿ ಕೊಟ್ಟದ್ದನ್ನು ಮರಳಿ ಕೇಳಲು ಮನುಷ್ಯ ನಾಚುತ್ತಾನೆ. ಅದೂ ಹತ್ತು ಜನರ ಎದುರು ಕೊಟ್ಟರೆ, ಆ ಹತ್ತು ಜನರೂ ಕಾವಲುಗಾರರಾಗುತ್ತಾರೆ. ನಾವು ಎರಡು ತಿಂಗಳು ಗುಟ್ಟು ಮಾಡಿ ಸೋತದ್ದೂ, ಅವ್ವನ ಮುಂದೆ ಬಾಯಿಬಿಟ್ಟ ದಿನದಿಂದ ಗೆಲ್ಲತೊಡಗಿದ್ದೂ ಇದೇ ಕಾರಣಕ್ಕೆ. ಅಜ್ಜಂಪುರದ ಕಡೆಯ ಈರುಳ್ಳಿ ವ್ಯಾಪಾರಿಯೊಬ್ಬರು, ಎದೆನೋವೆಂದು ಆಸ್ಪತ್ರೆ ಸೇರಿ ಬಂದ ಮೇಲೆ, ಬೀಡಿಯನ್ನು ಮೂರು ಸಲ ಗುಟ್ಟಾಗಿ ಬಿಟ್ಟು ಮೂರು ಸಲವೂ ಹಿಡಿದಿದ್ದರು. ನಾಲ್ಕನೆಯ ಸಲ ಮಠದಲ್ಲಿ, ಹೆಂಡತಿ ಮಕ್ಕಳ ಮುಂದೆ, ತಮ್ಮೊಡನೆ ಬೀಡಿ ಸೇದುತ್ತಿದ್ದ ಸ್ನೇಹಿತರ ಮುಂದೆ ಜೋಳಿಗೆಗೆ ಹಾಕಿದರು. ಬೀಡಿ ಸಿಗರೇಟು ಬಿಟ್ಟು ಒಂದು ವರ್ಷವಾದರೆ, ಅದರಿಂದ ಬಂದಿದ್ದ ಹೃದ್ರೋಗದ ಹೆಚ್ಚಿನ ಅಪಾಯ ಅರ್ಧಕ್ಕೆ ಇಳಿಯುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅವರಿಗೆ ಈಗ ಹದಿನಾಲ್ಕು ತಿಂಗಳಾಯಿತು. ಮೂರು ಸಲ ಬಿದ್ದವನೆಂದು ಅವರನ್ನು ಯಾರೂ ಹಂಗಿಸಬಾರದು. ಬಿದ್ದದ್ದಕ್ಕಿಂತ ನಾಲ್ಕನೆಯ ಸಲ ಎದ್ದದ್ದು ದೊಡ್ಡದು. ನಿತ್ಯ ಕುಡಿಯುವವರಿಗೆ ಮಾತ್ರ ಒಂದು ಎಚ್ಚರಿಕೆ: ವರ್ಷಗಟ್ಟಲೆಯ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರುವುದುಂಟು. ಜೋಳಿಗೆಗೆ ಹಾಕುವ ಸಂಕಲ್ಪ ಮಾಡಿ, ವೈದ್ಯರ ಆಸರೆಯಲ್ಲಿ ಬಿಡಬೇಕು.

ಕಾಯಿಲೆಯವನೊಬ್ಬನೇ ಬದಲಾದರೆ ಸಾಲದು, ಬಡಿಸುವವರೂ ಬದಲಾಗಬೇಕು. ಬೇಡವೆಂದವನ ಎಲೆಗೆ ಬಲವಂತದಿಂದ ಇನ್ನೊಂದು ಹಾಕುವುದನ್ನು ನಾವು ಉಪಚಾರವೆಂದು ಭಾವಿಸಿದ್ದೇವೆ. ದಾಸೋಹವೆಂದರೆ ಹಸಿದವನಿಗೆ ಉಣಿಸುವುದು. ಉಂಡವನ ಮೇಲೆ ಮತ್ತೆ ಹೇರುವುದು ದಾಸೋಹವಲ್ಲ. ತುಮಕೂರಿನ ಸಿದ್ಧಗಂಗೆಯ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳನ್ನು ನೆನೆಯಿರಿ. ದಿನವೂ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿದ ಆ ಮಹಾತ್ಮರು ತಾವು ಉಣ್ಣುತ್ತಿದ್ದುದು ಅತ್ಯಲ್ಪ. 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ ನೂರಾ ಹನ್ನೊಂದು ವರ್ಷ. ಎಲ್ಲರಿಗೂ ಅಷ್ಟು ಆಯುಷ್ಯ ಬರುವುದಿಲ್ಲ. ಆದರೆ ಧಾರಾಳವಾಗಿ ಬಡಿಸುವ ಕೈಯೂ ಮಿತವಾಗಿ ಉಣ್ಣುವ ನಾಲಿಗೆಯೂ ಒಬ್ಬನಲ್ಲೇ ಇರಬಹುದೆಂಬುದಕ್ಕೆ ಅವರೇ ಸಾಕ್ಷಿ. ನಮ್ಮ ಮಠದ ದಾಸೋಹದಲ್ಲೂ ಈಗ ಮೊದಲು ಕೋಸಂಬರಿ, ಪಲ್ಯ ಬರುತ್ತದೆ, ಅನ್ನ ಆಮೇಲೆ, ಪಾಯಸ ಕೇಳಿದವರಿಗೆ ಮಾತ್ರ.

ಕೊನೆಯದಾಗಿ, ಮುಖ್ಯವಾದ ಒಂದು ಮಾತು. 'ಬುದ್ಧಿ, ಭಸ್ಮ ಮಂತ್ರಿಸಿ ಕೊಡಿ, ಗುಳಿಗೆ ಬಿಟ್ಟುಬಿಡ್ತೀನಿ' ಎಂದು ಕೇಳಿಕೊಂಡು ಬರುವವರಿದ್ದಾರೆ. ಭಸ್ಮವನ್ನು ಹಣೆಗೆ ಹಚ್ಚಿಕೊಳ್ಳಿ, ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳಿ. ಒಂದು ಮನಸ್ಸಿಗೆ ಬಲ ಕೊಡುತ್ತದೆ, ಇನ್ನೊಂದು ದೇಹವನ್ನು ಕಾಯುತ್ತದೆ. ಸಕ್ಕರೆ, ರಕ್ತದೊತ್ತಡ ಇಳಿದಿದೆಯೆಂದು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಬಹಳ ಸಲ ಅದು ಇಳಿದಿರುವುದೇ ಗುಳಿಗೆಯಿಂದ. ಸಕ್ಕರೆಗೆ ಗುಳಿಗೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುವವರು ಶಿವರಾತ್ರಿಗೆ, ಶ್ರಾವಣ ಸೋಮವಾರಕ್ಕೆ ನಿರಾಹಾರ ಉಪವಾಸ ಮಾಡುವ ಮುಂಚೆ ವೈದ್ಯರ ಅಪ್ಪಣೆ ಪಡೆಯಿರಿ. ಸಕ್ಕರೆ ತೀರಾ ಇಳಿದರೂ ಪ್ರಾಣಕ್ಕೆ ಅಪಾಯ. ಶಿವನು ಭಕ್ತನ ಮೂರ್ಛೆಯನ್ನು ಬೇಡುವವನಲ್ಲ. ಪಾದಗಳನ್ನು ನಿತ್ಯ ತೊಳೆದು, ಒರೆಸಿ, ಬೆರಳ ಸಂದಿಗಳನ್ನು ನೋಡಿಕೊಳ್ಳಿ. ಬಿಸಿ ತಿಳಿಯದ ಪಾದದಲ್ಲಿ ಗಾಯವೂ ತಿಳಿಯುವುದಿಲ್ಲ. ಮೂವತ್ತು ದಾಟಿದವರೆಲ್ಲರೂ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿಕೊಳ್ಳಲು ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯವಸ್ಥೆಯಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಕೇಳಿದಾಗ, ನಮಗೇನೂ ಇಲ್ಲವೆಂದು ಬಾಗಿಲಿಂದಲೇ ಕಳುಹಿಸಬೇಡಿ. ನಮಗೂ ಏನೂ ಇಲ್ಲವೆಂದೇ ತಿಳಿದಿದ್ದೆವು.

ನಮ್ಮ ಲೆಕ್ಕ ಈಗ ಏಳರ ಒಳಗೆ ಬಂದಿದೆ. ಪಾದದ ಸ್ಪರ್ಶ ಪೂರ್ತಿ ಮರಳಿಲ್ಲ. ಮರಳುವುದೆಂಬ ಭರವಸೆಯನ್ನು ವೈದ್ಯರೂ ಕೊಟ್ಟಿಲ್ಲ. ತಡವಾಗಿ ಎಚ್ಚೆತ್ತವನು ತೆರುವ ದಂಡವದು. ತರೀಕೆರೆಯ ಆ ಬೆಳೆಗಾರರು ಅಗಿಯುವುದನ್ನು ಬಿಟ್ಟಿದ್ದಾರೆ. ಬಾಯಿ ಇನ್ನಷ್ಟು ಬಿಗಿಯದಂತೆ ನಿಂತಿದೆ, ತಪಾಸಣೆಗೆ ತಪ್ಪದೆ ಹೋಗುತ್ತಾರೆ. ಕಡೂರಿನ ಕಡೆಯ ಅವ್ವ ಇಂದಿಗೂ ಹೋಳಿಗೆ ತಟ್ಟುತ್ತಾಳೆ. ನಾವು ಹೋದಾಗ ಅಂಗೈಯ ನಡುವೆ ಹಿಡಿಯುವಷ್ಟು ಚಿಕ್ಕದೊಂದನ್ನು ಬೇರೆಯಾಗಿ ಮಾಡಿರುತ್ತಾಳೆ. 'ಇದು ನಿಮ್ ಅಳತೇದು ಬುದ್ಧಿ' ಎಂದು ಲಿಂಗಾರ್ಪಣೆಗೆ ಮೊದಲೇ ತಟ್ಟೆಯಲ್ಲಿಡುತ್ತಾಳೆ. ಇನ್ನೊಂದು ಬೇಕೆಂದು ನಾವು ಕೇಳುವುದಿಲ್ಲ. ಹಾಕುತ್ತೇನೆಂದು ಆಕೆಯೂ ಹೇಳುವುದಿಲ್ಲ.

ನಿಮ್ಮ ನಿಮ್ಮ ಮನೆಯ ತಟ್ಟೆಯಲ್ಲಿಯೂ ಇಂಥ ಅವಧಾನ ನೆಲೆಸಲಿ. ಆಸ್ಪತ್ರೆ ವೈರಾಗ್ಯ ಅಲ್ಪಾಯುವಾಗದೆ ಸದಾಚಾರವಾಗಿ ಬೆಳೆಯಲಿ. ಸಕಲರಿಗೂ ಆಯುರಾರೋಗ್ಯ ದೊರೆಯಲಿ, ಸನ್ಮಂಗಲವಾಗಲಿ.